ಸಂದರ್ಶನದ ಉತ್ತರವೂ ಸತ್ಯಾಣುವ್ರತವೂ

ನೌಕರಿಯ ಸಂದರ್ಶನಕ್ಕೆ ಮೊದಲೇ ಉತ್ತರಗಳನ್ನು ಕಟ್ಟಿಕೊಂಡು ಹೋಗುವುದು ಸತ್ಯಕ್ಕೆ ಸಲ್ಲುವ ನಡೆಯೇ? ಹಿಂದೆ ಸಂದರ್ಶಕರು ಓದಿದ ವಿಷಯವನ್ನೋ ಸಾಮಾನ್ಯ ಜ್ಞಾನವನ್ನೋ ಕೇಳುತ್ತಿದ್ದರು. ಅದಕ್ಕೆ ಸಿದ್ಧರಾಗುವುದರಲ್ಲಿ ಯಾರೂ ದೋಷ ಕಾಣಲಿಲ್ಲ. ಈಗಿನ ಪ್ರಶ್ನೆಗಳ ಬಗೆ ಬೇರೆ. ‘ನಿಮ್ಮ ಕೆಲಸ ಕೈಗೂಡದೆ ಹೋದ ಒಂದು ಸಂದರ್ಭವನ್ನು ಹೇಳಿ’, ‘ಜೊತೆಯವರೊಡನೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?’ ಎಂದು ಕೇಳುತ್ತಾರೆ. ಇಲ್ಲಿ ಪರೀಕ್ಷೆಗೊಳಗಾಗುವುದು ವಿದ್ಯೆಯಲ್ಲ, ನಡತೆ. ನಡೆದದ್ದನ್ನು ಹೇಳಲು ಅಭ್ಯಾಸವೇಕೆ ಎಂದು ಮನೆಯ ಹಿರಿಯರು ಕೇಳಿದರೆ ಅದು ತಳ್ಳಿಹಾಕುವ ಮಾತಲ್ಲ.

ಒಬ್ಬನು ಮುಂದೆ ಹೇಗೆ ನಡೆದುಕೊಳ್ಳುವನೆಂಬುದಕ್ಕೆ ಹಿಂದೆ ನಡೆದುಕೊಂಡ ರೀತಿಯೇ ಒಳ್ಳೆಯ ಸೂಚನೆ ಎಂಬುದು ಈ ಪ್ರಶ್ನೆಗಳ ಹಿಂದಿನ ತರ್ಕ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾನಗನ್ ವಿಮಾನಪಡೆಯಲ್ಲಿ ನಡೆಸಿದ ಅಧ್ಯಯನಗಳ ಆಧಾರದಿಂದ, ನಿರ್ದಿಷ್ಟ ಘಟನೆಗಳನ್ನು ಸಂಗ್ರಹಿಸಿ ನಡವಳಿಕೆಯನ್ನು ಅಳೆಯುವ ವಿಧಾನವನ್ನು 1954ರಲ್ಲಿ ವಿವರಿಸಿದರು. 1970ರ ದಶಕದಲ್ಲಿ ಅಲ್ಲಿಯ ಡಿಡಿಐ ಸಂಸ್ಥೆ ‘ಸ್ಟಾರ್’ ಎಂಬ ಚೌಕಟ್ಟನ್ನು ಬಳಕೆಗೆ ತಂದಿತು: ಸನ್ನಿವೇಶ, ಹೊಣೆ, ಕ್ರಿಯೆ, ಫಲ. ವರ್ತಕರಿಗೆ ಈ ಜಾಣ್ಮೆ ಹೊಸತಲ್ಲ. ಗುಮಾಸ್ತನನ್ನು ಗೊತ್ತುಮಾಡುವ ಸಾಹುಕಾರ ‘ನೀನು ಪ್ರಾಮಾಣಿಕನೇ?’ ಎಂದು ಕೇಳುವುದಿಲ್ಲ. ಹಿಂದಿನ ಅಂಗಡಿಯಲ್ಲಿ ಲೆಕ್ಕ ತಾಳೆಯಾಗದ ದಿನ ಏನು ಮಾಡಿದೆ ಎಂದು ಕೇಳುತ್ತಾನೆ.

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಹಿಪ್ಪುನೇರಳೆಯ ತೋಟ, ಹುಳು ಸಾಕುವ ಮನೆ, ರಾಮನಗರದ ಗೂಡಿನ ಮಾರುಕಟ್ಟೆ ಈ ಸೀಮೆಯ ಹಳೆಯ ಬದುಕು. (ಗೂಡಿನೊಳಗಿನ ಜೀವಹಿಂಸೆ ಜೈನ ಓದುಗರ ಮನಸ್ಸಿಗೆ ನಾಟುವುದು ಸಹಜ, ಅದು ಬೇರೊಂದು ಲೇಖನಕ್ಕೆ ತಕ್ಕ ವಿಷಯ. ಇಲ್ಲಿ ಆ ಮನೆಯ ಮಕ್ಕಳ ಮಾತಷ್ಟೇ ಪ್ರಸ್ತುತ.) ಅದೇ ತಾಲ್ಲೂಕಿನ ಬಿಡದಿಯಲ್ಲಿ, 1997ರಲ್ಲಿ ಸ್ಥಾಪನೆಯಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆಯೂ ಇತರ ಉದ್ಯಮಗಳೂ ಇವೆ. ಡಿಪ್ಲೊಮಾ, ಪದವಿ ಮುಗಿಸಿದ ಮಕ್ಕಳು ಆ ಕಡೆಗೂ ಬೆಂಗಳೂರಿಗೂ ಸಂದರ್ಶನಕ್ಕೆ ಹೋಗುತ್ತಾರೆ.

ಅಂಥ ಒಬ್ಬ ಯುವಕನನ್ನು ಊಹಿಸಿಕೊಳ್ಳೋಣ. ಅವನ ಕೈಯಲ್ಲಿರುವ ಮಾರ್ಗದರ್ಶಿಯ ತುಂಬ ಕಚೇರಿ, ಪ್ರಾಜೆಕ್ಟ್, ಟೀಮ್‌ಗಳ ಉದಾಹರಣೆಗಳು. ತನ್ನ ಬಾಳಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದಿಲ್ಲವೆಂದು ಬಗೆದು, ಅವನು ಗೆಳೆಯನ ಅನುಭವವನ್ನು ತನ್ನದೆಂಬಂತೆ ಬಾಯಿಪಾಠ ಮಾಡುತ್ತಾನೆ. ಈ ಸುಳ್ಳಿನ ಬೇರು ಲೋಭವಲ್ಲ, ಕೀಳರಿಮೆ. ವಾಸ್ತವದಲ್ಲಿ ಅವನಿಗೆ ಹೇಳಲು ಎಷ್ಟೊಂದಿದೆ! ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಹಗಲಿರುಳು ಸೊಪ್ಪು ಬೇಡುತ್ತವೆ. ಅದೇ ವಾರ ಅವನ ಪರೀಕ್ಷೆ. ತೋಟದಲ್ಲಿ ಸೊಪ್ಪು ಸಾಲದು. ತಟ್ಟೆಯ ಮೂಲೆಯಲ್ಲಿ ಹಾಲುರೋಗದ ಹುಳುಗಳು ಕಾಣಿಸುತ್ತವೆ. ಅವನ್ನು ಆರಿಸಿ ತೆಗೆದದ್ದು, ಸುಣ್ಣ ಉದುರಿಸಿದ್ದು, ಪಕ್ಕದ ತೋಟದಿಂದ ಸೊಪ್ಪು ಕೊಂಡದ್ದು, ಆದರೂ ಅರ್ಧ ಬೆಳೆ ಹೋದದ್ದು: ಸನ್ನಿವೇಶ, ಹೊಣೆ, ಕ್ರಿಯೆ, ಫಲ ನಾಲ್ಕೂ ಇದರಲ್ಲಿವೆ. ಇವನ್ನು ಕ್ರಮವಾಗಿ ನೆನೆದು ಜೋಡಿಸಿಕೊಳ್ಳುವುದು ಸುಳ್ಳಲ್ಲ. ಮಾರುಕಟ್ಟೆಗೆ ಹೋಗುವ ಮುನ್ನ ಬೆಳೆಗಾರನು ಜೋಡಿಗೂಡು, ಕಲೆಗೂಡುಗಳನ್ನು ಬೇರೆ ಮಾಡಿದರೆ ಅದನ್ನು ಯಾರೂ ಮೋಸವೆನ್ನುವುದಿಲ್ಲ. ಜಾಳುಗೂಡಿನ ಮೇಲೆ ಒಳ್ಳೆಯ ಗೂಡು ಹರಡಿದರೆ ಅದು ಮೋಸ.

ತೊಡಕಿರುವುದು ‘ನಾನು’ ಎಂಬ ಪದದಲ್ಲಿ. ‘ನಾವು ಎನ್ನಬೇಡಿ, ನಾನು ಎನ್ನಿ’ ಎಂದು ತರಬೇತುದಾರರು ಹೇಳಿಕೊಡುತ್ತಾರೆ. ಅಭ್ಯರ್ಥಿಯ ಪಾಲು ಎಷ್ಟೆಂದು ತಿಳಿಯಬಯಸುವುದು ಸಂದರ್ಶಕರಿಗೆ ನ್ಯಾಯವೇ. ಆದರೆ ಹುಳುಮನೆಯಲ್ಲಿ ರೋಗವನ್ನು ಗುರುತಿಸಿದ್ದು ತಾತನ ಕಣ್ಣು. ಅದನ್ನೂ ‘ನಾನು’ ಎಂಬುದಕ್ಕೆ ಸೇರಿಸಿಕೊಂಡರೆ ಅಸತ್ಯದ ಜೊತೆಗೆ ಅದತ್ತಾದಾನವೂ ಆಯಿತು, ಕೊಡದಿದ್ದುದನ್ನು ತೆಗೆದುಕೊಂಡಂತಾಯಿತು. ‘ತಾತ ಗುರುತಿಸಿದರು, ನಾನು ಬೇರ್ಪಡಿಸಿದೆ’ ಎಂದರೆ ಉತ್ತರ ಸೊರಗುವುದಿಲ್ಲ.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮೂರು ಈ ವಿಷಯಕ್ಕೆ ನೇರವಾಗಿ ತಾಗುತ್ತವೆ. ಅರ್ಜಿಯಲ್ಲಿ ಮಾಡದ ಕೆಲಸವನ್ನು ಬರೆಯುವುದು ಕೂಟಲೇಖಕ್ರಿಯೆ. ಹಿಂದಿನ ಕಚೇರಿಯ ಗುಟ್ಟನ್ನೋ ಸಹೋದ್ಯೋಗಿ ನಂಬಿ ಹೇಳಿದ್ದನ್ನೋ ಉತ್ತರದ ಸೊಗಸಿಗಾಗಿ ಹೊರಗೆಡಹುವುದು ರಹೋಭ್ಯಾಖ್ಯಾನ. ಘಟನೆ ನಿಜವಾಗಿದ್ದರೂ ಇಲ್ಲಿ ದೋಷ ತಪ್ಪುವುದಿಲ್ಲ. ಇನ್ನು ಮಿಥ್ಯೋಪದೇಶವು ಅಭ್ಯರ್ಥಿಯ ಮೇಲಲ್ಲ, ಕಲಿಸುವವನ ಮೇಲೆ ಬರುವ ದೋಷ. ಆ ಪಟ್ಟಿಯಲ್ಲಿ ಅದೇ ಮೊದಲನೆಯದು ಎಂಬುದನ್ನು ಯುವಕರಿಗೆ ಶಿಬಿರ ನಡೆಸುವ ಬಸದಿಯ ಟ್ರಸ್ಟ್‌ಗಳು ಗಮನಿಸುವುದು ಒಳ್ಳೆಯದು.

ದೋಷವನ್ನು ಕೇಳಿದಾಗ ‘ಅತಿಯಾಗಿ ದುಡಿಯುವುದೇ ನನ್ನ ದೋಷ’ ಎನ್ನುವ ಉತ್ತರವಂತೂ ಶುದ್ಧ ಮಾಯಾಕಷಾಯ. ಹಾಗೆಂದು ಅಂತರಂಗವನ್ನೆಲ್ಲ ಸಂದರ್ಶಕರ ಮುಂದೆ ಸುರಿಯಬೇಕೆಂದಿಲ್ಲ; ಕೆಲಸಕ್ಕೆ ಸಂಬಂಧಿಸಿದ ಒಂದು ನಿಜವಾದ ಕೊರತೆಯನ್ನೂ ಅದಕ್ಕೆ ಮಾಡಿಕೊಂಡ ಉಪಾಯವನ್ನೂ ಹೇಳಿದರೆ ಸಾಕು.

ಉಳಿದವರೆಲ್ಲ ಬಣ್ಣ ಕಟ್ಟುವಾಗ ಸತ್ಯ ಹೇಳಿದವನೇ ಸೋಲುವುದಿಲ್ಲವೇ? ಸೋಲಬಹುದು. ಸಾಲದ ಮನೆಗೆ ಅದು ಸಣ್ಣ ನಷ್ಟವಲ್ಲ; ಅವನಿಗೆ ಬೇರೆ ಭರವಸೆ ಕೊಡುವುದೇ ಇನ್ನೊಂದು ಸುಳ್ಳಾದೀತು. ಅನುಭವಿ ಸಂದರ್ಶಕರು ‘ಎಷ್ಟು ಮೊಟ್ಟೆ ಸಾಕಿದ್ದಿರಿ? ಸೊಪ್ಪಿಗೆ ಎಷ್ಟು ಕೊಟ್ಟಿರಿ?’ ಎಂದು ಕೆದಕಿದಾಗ ಎರವಲು ತಂದ ಘಟನೆ ನಿಲ್ಲುವುದಿಲ್ಲವೆಂಬುದು ನಿಜವೇ. ಆದರೆ ಸಿಕ್ಕಿಬೀಳುವ ಭಯಕ್ಕೆ ಹೇಳಿದ ಸತ್ಯ ಲಾಭನಷ್ಟದ ಲೆಕ್ಕವೇ ಹೊರತು ವ್ರತವಲ್ಲ. ಕೇಳುವವರಿಗೂ ಹೊಣೆಯುಂಟು. ಹಾಗೆ ಕೆದಕದೆ, ನಿರರ್ಗಳವಾದ ಇಂಗ್ಲಿಷಿಗೆ ಮಾರುಹೋಗಿ, ತಡೆತಡೆದು ಮಾತನಾಡುವ ಹಳ್ಳಿಯ ಹುಡುಗನನ್ನು ಹಿಂದಕ್ಕೆ ಕಳುಹಿಸುವ ಸಂದರ್ಶಕ ಮೇಲಿನ ಪದರವನ್ನಷ್ಟೇ ನೋಡಿ ಗೂಡು ಕೊಂಡವನಂತೆ. ಉದ್ದಿಮೆ ನಡೆಸುವ ಶ್ರಾವಕರು ಹಲವರಿದ್ದಾರೆ. ಈ ಮಾತು ಅವರಿಗೂ ಸಲ್ಲುತ್ತದೆ.

ಟ್ರಸ್ಟ್‌ನ ಶಿಬಿರಗಳಲ್ಲಿ ಒಂದು ಪದ್ಧತಿಯನ್ನು ಪ್ರಯೋಗಿಸಿ ನೋಡಬಹುದು. ಯುವಕ ಯುವತಿಯರು ತಮ್ಮ ಬಾಳಿನ ನಾಲ್ಕೈದು ಘಟನೆಗಳನ್ನು ಮೇಲಿನ ಕ್ರಮದಲ್ಲಿ ಬರೆದು, ಸಂದರ್ಶನಕ್ಕೆ ಮುನ್ನ ಆ ಹೊತ್ತಿನಲ್ಲಿ ಜೊತೆಗಿದ್ದವರಿಗೆ ಓದಿ ಹೇಳಲಿ. ‘ಹಾಗಲ್ಲ ಮಗಾ, ಸೊಪ್ಪು ಹೊಂದಿಸಿದ್ದು ನಿಮ್ಮವ್ವ’ ಎಂದು ತಾತ ಹೇಳಿದರೆ, ಆ ವಾಕ್ಯವನ್ನು ಅಲ್ಲೇ ತಿದ್ದಿಕೊಂಡು ಮುಂದಿನದನ್ನು ಓದಲಿ.