ಊರು ಹಲವಾದರೆ ಕೇರಿಗೆ ಬಿಡುಗಡೆಯೇ?

ಧಣಿ ಒಬ್ಬನೇ ಇದ್ದರೆ ಅನ್ಯಾಯ, ಧಣಿಗಳು ಸಾವಿರ ಜನ ಇದ್ದರೆ ನ್ಯಾಯ. ಹೀಗೆ ನಂಬುವ ಗೆಳೆಯರು ಈಚೆಗೆ ಜಾಸ್ತಿ ಆಗ್ತಾ ಇದ್ದಾರೆ. ಫೇಸ್‌ಬುಕ್ ಬಿಡಿ, ಎಕ್ಸ್ ಬಿಡಿ, ಮಾಸ್ಟೊಡಾನ್‌ಗೆ ಬನ್ನಿ, ಅಲ್ಲಿ ಅಧಿಕಾರ ಹಂಚಿ ಹೋಗಿದೆ ಅಂತಾರೆ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗೇ ನುಂಗುವಂತೆಯೂ ಇಲ್ಲ. ಹಂಚಿದ ಅಧಿಕಾರ ಯಾರ ಮನೆಯ ಬಾಗಿಲಿಗೆ ಬಂದು ನಿಂತಿತು ಎಂದು ಕೇಳುವುದು ನಮ್ಮ ಕೆಲಸ.

ದೊಡ್ಡ ಧಣಿಯ ಗುಣ ನಮಗೆ ಗೊತ್ತು. 2018ರ ನವೆಂಬರಿನಲ್ಲಿ ಟ್ವಿಟರ್‌ನ ಮುಖ್ಯಸ್ಥ ಜಾಕ್ ಡಾರ್ಸಿ ದೆಹಲಿಗೆ ಬಂದಾಗ ಬ್ರಾಹ್ಮಣಶಾಹಿ ಪಿತೃಪ್ರಭುತ್ವವನ್ನು ಒಡೆಯಿರಿ ಎಂಬ ಭಿತ್ತಿಪತ್ರ ಹಿಡಿದು ಫೋಟೋಕ್ಕೆ ನಿಂತ. ಅದನ್ನು ಅವನ ಕೈಗೆ ಕೊಟ್ಟವರು ದಲಿತ ಹೋರಾಟಗಾರ್ತಿ. ಮೇಲ್ಜಾತಿಗಳು ಕೆರಳಿದ್ದೇ ತಡ, ಅದು ನಮ್ಮ ಅಭಿಪ್ರಾಯವಲ್ಲ ಎಂದು ಕಂಪೆನಿ ಕೈತೊಳೆದುಕೊಂಡಿತು. ಅಧಿಕಾರಿಯೊಬ್ಬರು ಕ್ಷಮೆಯನ್ನೂ ಕೇಳಿದರು. ಮರುವರ್ಷ, 2019ರಲ್ಲಿ, ಸುಪ್ರೀಂ ಕೋರ್ಟಿನ ವಕೀಲ ಸಂಜಯ ಹೆಗ್ಡೆಯವರ ಖಾತೆಗೆ ಬೀಗ ಬಿತ್ತು. ನಾಜಿಗಳ ಗುಂಪಿನ ನಡುವೆ ಕೈ ಎತ್ತದೆ ನಿಂತ ಒಬ್ಬನೇ ಒಬ್ಬ ಕಾರ್ಮಿಕನ ಹಳೆಯ ಫೋಟೋ ಅವರ ಪುಟದ ಮೇಲಿತ್ತು, ಅದೇ ಕಾರಣ! ಅದೇ ದಿನಗಳಲ್ಲಿ ನೀಲಿ ಗುರುತು ಹಂಚುವುದರಲ್ಲೂ ಜಾತಿ ಇದೆ ಎಂದು ದಲಿತ, ಹಿಂದುಳಿದ ಬರಹಗಾರರು ಎದ್ದರು. ಆಗಲೇ ನಮ್ಮ ದೇಶದ ಬಹಳ ಜನ ಮಾಸ್ಟೊಡಾನ್ ಕಡೆ ನಡೆದದ್ದು.

ಏನಿದು ಮಾಸ್ಟೊಡಾನ್? ಹೆಜಮಾಡಿಯ ಕಡಲ ಬದಿಯವರಿಗೆ ತಿಳಿಸುವುದು ಸುಲಭ. ರಂಪಣಿ ಬಲೆ ಒಬ್ಬನದಲ್ಲ. ಹಲವರು ತಂತಮ್ಮ ಬಲೆಯ ತುಂಡು ತಂದು ಜೋಡಿಸಿದರೆ ರಂಪಣಿ. ಎಳೆದ ಮೀನಿಗೆ ಪಾಲು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದವು. ಬಲೆ, ಎಂಜಿನ್, ಮೀನು ಎಲ್ಲವೂ ಬಂಡವಾಳ ಇದ್ದವನ ಕಡೆ ಸರಿದವು. ಟ್ವಿಟರ್ ಪರ್ಸೀನ್ ಆದರೆ ಮಾಸ್ಟೊಡಾನ್ ರಂಪಣಿ.

2016ರಲ್ಲಿ ಜರ್ಮನಿಯ ಯುಜೆನ್ ರೊಚ್ಕೊ ಎಂಬ ತರುಣ ಇದನ್ನು ಶುರು ಮಾಡಿದ. ಇಲ್ಲಿ ಒಂದೇ ಕಂಪೆನಿಯ ಯಂತ್ರ ಇಲ್ಲ, ಸಾವಿರಾರು ಸರ್ವರ್‌ಗಳಿವೆ. ಒಂದೊಂದಕ್ಕೂ ಒಬ್ಬ ನಡೆಸುವವನು, ಅದರದೇ ನಿಯಮ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಇರುವವರು ಓದಬಹುದು, ಉತ್ತರ ಬರೆಯಬಹುದು. ಜಾಹೀರಾತು ಮಾರುವುದಿಲ್ಲ. ಯಾರ ಮಾತು ಮೇಲೆ, ಯಾರ ಮಾತು ಕೆಳಗೆ ಎಂದು ಗುಟ್ಟಿನ ಲೆಕ್ಕ ಇಲ್ಲ, ನಿಮ್ಮ ಪುಟದಲ್ಲಿ ಬರೆದ ಹೊತ್ತಿನ ಸಾಲು ಅಷ್ಟೆ. ತಂತ್ರಾಂಶದ ಒಳಗುಟ್ಟು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ವೇದ ಕೇಳಿದರೆ ಕಿವಿಗೆ ಕಾದ ಸೀಸ ಹಾಕಿ ಎಂದ ಧರ್ಮದ ನೆರಳಲ್ಲಿ ಬೆಳೆದವರು ನಾವು. ಇದರ ಬೆಲೆ ನಮಗೆ ಗೊತ್ತು.

ಆದರೆ ಜೋಡಿಸಲು ತುಂಡು ಬಲೆಯೂ ಇಲ್ಲದವನು ಎಲ್ಲಿ ನಿಲ್ಲಬೇಕು? ಸರ್ವರ್ ನಡೆಸಲು ತಿಂಗಳ ಬಾಡಿಗೆ ಬೇಕು, ಕಂಪ್ಯೂಟರಿನ ವಿದ್ಯೆ ಬೇಕು, ಇಂಗ್ಲಿಷ್ ಬೇಕು, ಬಿಡುವು ಬೇಕು. ಇವು ನಾಲ್ಕೂ ಈ ದೇಶದಲ್ಲಿ ಯಾರ ಅಟ್ಟದ ಮೇಲಿವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲದವನು ಇನ್ನೊಬ್ಬನ ಸರ್ವರ್‌ನಲ್ಲಿ ಒಕ್ಕಲು. ಅಲ್ಲಿ ನಡೆಸುವವನ ಮಾತೇ ಕೊನೆಯ ಮಾತು. ದೂರದ ಧಣಿ ಹೋಗಿ ಹತ್ತಿರದ ಗುತ್ತಿನ ಚಾವಡಿ ಬಂತು!

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಸಭೆಯ ಮುಂದಿಡುತ್ತಾ ಇದೇ ಭ್ರಮೆಯನ್ನು ಒಡೆದರು. ಗ್ರಾಮ ಗಣರಾಜ್ಯ ಎಂದು ಹಾಡಿ ಹೊಗಳುತ್ತಿದ್ದವರ ಎದುರು, ಹಳ್ಳಿ ಅಂದರೆ ಸಣ್ಣತನದ, ಅಜ್ಞಾನದ ಗೂಡು ಎಂದರು. ಸಂವಿಧಾನಕ್ಕೆ ಘಟಕ ಹಳ್ಳಿಯಲ್ಲ, ವ್ಯಕ್ತಿ ಎಂದರು. ನಮ್ಮ ತುಳುನಾಡಿನ ಅಜಲು ಪದ್ಧತಿಯನ್ನೇ ನೋಡಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸಿದ ಊರಿಗೆ ಅದು ಪಾಪ ಅಂತ ಅನ್ನಿಸಲಿಲ್ಲ. ಅದು ನಮ್ಮೂರಿನ ಕಟ್ಟಳೆ, ಅವರೇ ಒಪ್ಪಿದ್ದಾರೆ ಅಂತಿದ್ದರು. ಊರಿನ ಕಟ್ಟಳೆಗಿಂತ ಮೇಲಿನ ಒಂದು ಮಾತು ಬೇಕಾಯಿತು. ಅಜಲು ನಿಷೇಧ ಕಾಯ್ದೆ ಬಂದದ್ದು 2000ದಲ್ಲಿ. ಸ್ವತಂತ್ರ ಬಂದು ಐವತ್ತು ವರ್ಷದ ಮೇಲೆ!

ಇನ್ನೊಂದು ಗಂಟು ಇದೆ. ಮಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಇನ್ನೊಂದನ್ನು ಪೂರ್ತಿ ಹೊರಗಿಡಬಹುದು. ನಮ್ಮ ಭಾಷೆಯಲ್ಲಿ ಬಹಿಷ್ಕಾರ. ಈ ಪದ ಕೇಳಿದರೆ ನಮ್ಮ ಮೈ ಉರಿಯುತ್ತದೆ. ಆದರೆ 2019ರಲ್ಲಿ ಅಮೆರಿಕದ ಜನಾಂಗದ್ವೇಷಿಗಳ ಬೀಡಾಗಿದ್ದ ಗ್ಯಾಬ್ ಇದೇ ತಂತ್ರಾಂಶ ಹೊತ್ತುಕೊಂಡು ಒಳಗೆ ಬಂದಾಗ, ಬಹುಪಾಲು ಸರ್ವರ್‌ಗಳು ಬಾಗಿಲು ಹಾಕಿದವು. ಸರಿಯಾಗಿಯೇ ಮಾಡಿದವು. ಹಾಗಾದರೆ ಬಹಿಷ್ಕಾರ ಒಳ್ಳೆಯದೋ, ಕೆಟ್ಟದ್ದೋ? ಒಬ್ಬ ಮಾಡಿದ್ದಕ್ಕೆ ಹೊರಗಿಡುವುದು ಬೇರೆ, ಹುಟ್ಟಿದ್ದಕ್ಕೆ ಹೊರಗಿಡುವುದು ಬೇರೆ. ಮೊದಲನೆಯವನು ತಿದ್ದಿಕೊಂಡು ಬರಬಹುದು. ಎರಡನೆಯವನು ತಿದ್ದಿಕೊಳ್ಳಲು ಅಲ್ಲಿ ತಪ್ಪೇ ಇಲ್ಲ. ಕತ್ತಿ ಒಂದೇ, ಹಿಡಿದ ಕೈ ಯಾವುದು, ಬಿದ್ದ ಕುತ್ತಿಗೆ ಯಾವುದು ಎಂಬುದೇ ನೀತಿ.

ಈ ಕೈ ಯಾವಾಗಲೂ ನಮ್ಮ ಪರ ಇರುತ್ತದೆ ಅನ್ನಬೇಡಿ. 2022ರಲ್ಲಿ ಎಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲೆ ಕಪ್ಪು ಜನ ಅನೇಕರು ಮಾಸ್ಟೊಡಾನ್‌ಗೆ ಬಂದರು. ಅಲ್ಲಿ ಬರಹವನ್ನು ಒಂದು ಎಚ್ಚರಿಕೆಯ ಪರದೆಯ ಹಿಂದೆ ಇಡುವ ಸೌಲಭ್ಯ ಇದೆ. ನೀವು ಅನುಭವಿಸಿದ ವರ್ಣದ್ವೇಷದ ಮಾತನ್ನು ಆ ಪರದೆಯ ಹಿಂದೆ ಇಡಿ, ನೋಡುವವರಿಗೆ ಕಸಿವಿಸಿ ಆಗ್ತದೆ ಎಂದು ಅವರಿಗೇ ಬುದ್ಧಿ ಹೇಳಲಾಯಿತು. ಗಾಯ ಆದವನ ಗಾಯಕ್ಕಿಂತ ನೋಡುವವನ ಕಣ್ಣು ಮುಖ್ಯ! ಇದು ನಮಗೆ ಹೊಸ ಮಾತೇ?

ಹಾಗಂತ ದೂರ ನಿಲ್ಲುವುದೂ ದಾರಿಯಲ್ಲ. 1920ರಲ್ಲಿ ಹಣ ಕೊಡ್ತೇವೆ ಅಂದರೂ ಕೇಸರಿ ಪತ್ರಿಕೆ ಮೂಕನಾಯಕದ ಜಾಹೀರಾತು ಹಾಕಲಿಲ್ಲ. ಬಾಬಾಸಾಹೇಬರು ಅಳುತ್ತಾ ಕೂರಲಿಲ್ಲ. ಪತ್ರಿಕೆಗಳ ಮೇಲೆ ಪತ್ರಿಕೆ ಕಟ್ಟಿದರು, ಸ್ವಂತ ಮುದ್ರಣಾಲಯ ಕಟ್ಟಿದರು. ಕರ್ನಾಟಕದಲ್ಲಿ 1983ರ ಪಂಚಾಯತಿ ಕಾಯ್ದೆ ಬರೀ ಅಧಿಕಾರ ಹಂಚಿ ಸುಮ್ಮನಾಗಲಿಲ್ಲ. ಹೆಂಗಸರಿಗೆ ನೂರಕ್ಕೆ 25, ಪರಿಶಿಷ್ಟರಿಗೆ ಕಡಿಮೆಯೆಂದರೂ 18 ಸ್ಥಾನ ಕಾದಿಟ್ಟಿತು. ಹಂಚಿಕೆಯ ಜೊತೆಗೆ ಮೀಸಲು ಇರದಿದ್ದರೆ ಚಾವಡಿಯೇ ಪಂಚಾಯತಿ ಆಗ್ತಿತ್ತು.

ಇದೇ ಅಳತೆಗೋಲನ್ನು ಇಲ್ಲಿಯೂ ಹಿಡಿಯೋಣ. ಬೀಗದ ಕೈ ಯಾರ ಹತ್ತಿರ ಇದೆ? ನಿಯಮ ನಡೆಸುವವನಿಗೂ ತಾಗುತ್ತದೆಯೇ? ಬಿಟ್ಟು ಹೋಗುವಾಗ ನಮ್ಮದು ನಮ್ಮ ಜೊತೆ ಬರುತ್ತದೆಯೇ? ಮಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸಿದರೆ ನಿಮ್ಮ ಹಿಂಬಾಲಕರು ಜೊತೆಗೆ ಬರ್ತಾರೆ, ಬರೆದದ್ದು ಹಳೆಯ ಮನೆಯಲ್ಲೇ ಉಳಿಯುತ್ತದೆ. ಊರು ಬಿಟ್ಟ ಒಕ್ಕಲಿನವನಿಗೆ ಅಷ್ಟೂ ಇರಲಿಲ್ಲ, ನಿಜ. ಆದರೆ ಅಷ್ಟೇ ಸಾಕೆ?

ಗೆಳೆಯರೇ, ಹತ್ತು ಸಂಘಟನೆಗಳು, ನಾಲ್ಕು ಹಾಸ್ಟೆಲಿನ ಹುಡುಗ ಹುಡುಗಿಯರು, ಕೆಲವರು ಮೇಷ್ಟ್ರುಗಳು ಸೇರಿದರೆ ಒಂದು ಸರ್ವರಿನ ಬಾಡಿಗೆ ಹುಟ್ಟೀತು. ಕೀಲಿ ಒಬ್ಬನ ಜೇಬಿನಲ್ಲಿ ಇರಬಾರದು, ವರ್ಷಕ್ಕೊಮ್ಮೆ ಕೈ ಬದಲಾಗಬೇಕು, ಅದರಲ್ಲಿ ಹೆಣ್ಣಿನ ಕೈ ಇರಲೇಬೇಕು. ಹಾಗೆಂದು ದೊಡ್ಡ ಪೇಟೆಯನ್ನು ಬಿಟ್ಟು ಬರುವುದೂ ಬೇಡ. ಕೇರಿ ತನ್ನಷ್ಟಕ್ಕೆ ತಾನು ಮಾತಾಡಿಕೊಂಡು ಇರಲಿ ಎಂಬುದೇ ಊರಿನ ಹಳೆಯ ಆಸೆ. ನಮ್ಮ ಮನೆ ನಮಗೆ ಬೇಕು, ಊರಿನ ನಡುಬೀದಿಯೂ ನಮಗೆ ಬೇಕು.