ಈಗ ಯಾವ ಮಳೆ?

ಹಳ್ಳಿಯ ಹಿರಿಯರು ಎದುರಾದರೆ ಮಾತು ಶುರುವಾಗುವುದೇ ‘ಈಗ ಯಾವ ಮಳೆ?’ ಎಂಬ ಪ್ರಶ್ನೆಯಿಂದ. ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲೂ ಅದಕ್ಕೆ ಉತ್ತರವಿರುತ್ತದೆ. ಆದರೆ ಏಕಾದಶಿ, ಸಂಕಷ್ಟಿ, ಸಿಲಿಂಡರ್ ಬಂದ ತಾರೀಕು ಹುಡುಕುವ ಕಣ್ಣು ಆ ಸಣ್ಣಕ್ಷರದ ಸಾಲನ್ನು ದಾಟಿ ಹೋಗಿಬಿಡುತ್ತದೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವುದು 13–14 ದಿನ. ಆ ದಿನಗಳಲ್ಲಿ ಬಿದ್ದ ಮಳೆಗೆಲ್ಲ ಆ ನಕ್ಷತ್ರದ್ದೇ ಹೆಸರು. ಮೇ ಕೊನೆಗೆ ರೋಹಿಣಿ, ಜೂನ್ ಎರಡನೇ ವಾರಕ್ಕೆ ಮೃಗಶಿರಾ, ಆಮೇಲೆ ಆರಿದ್ರೆ, ಪುನರ್ವಸು, ಪುಷ್ಯ... ಹೀಗೇ ಸಾಗಿ ಅಕ್ಟೋಬರ್ ಮುಗಿಯುವ ಹೊತ್ತಿಗೆ ಸ್ವಾತಿ. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುತ್ತಾರೆ. ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆಮಗ ಉಂಡಷ್ಟೂ ಒಳ್ಳೆಯದು ಎಂಬ ಗಾದೆ ಕೇಳಿದಾಗಲೆಲ್ಲ, ಇದನ್ನು ಕಟ್ಟಿದ್ದು ಯಾರೋ ತಾಯಿಯೇ ಇರಬೇಕು ಅನ್ನಿಸುತ್ತದೆ.

ಮಳೆ ಹೇಳಿದ ಹೊತ್ತಿಗೆ ಬಂದರೆ ಸರಿ. ಬಾರದೇ ಹೋದಾಗ ರಾಗಿ ಸೀಮೆಯ ರೈತರು ಮಾಡುವುದನ್ನು ನೋಡಬೇಕು. ಮುಂಗಾರು ಸಕಾಲಕ್ಕೆ ಹಿಡಿದರೆ ಎಂ.ಆರ್.–6ರಂಥ, ನಾಲ್ಕು ತಿಂಗಳು ಬೇಡುವ ತಳಿ ಬಿತ್ತುತ್ತಾರೆ. ಆರಿದ್ರೆಯೂ ಪುನರ್ವಸುವೂ ಒಣಗಿ ಹೋಗಿ ಆಗಸ್ಟ್ ಬಂತೆನ್ನಿ, ಸುಮಾರು 100 ದಿನಕ್ಕೆ ಕಟಾವಿಗೆ ಬರುವ ಜಿ.ಪಿ.ಯು.–48ರಂಥ ತಳಿ ತರುತ್ತಾರೆ. ಅದರ ಕಾಲವೂ ಮೀರಿತೋ, ಹುರುಳಿ ಚೆಲ್ಲುತ್ತಾರೆ. ಮನೆಗೆ ಕಟ್ಟಿನ ಸಾರಾದರೂ ಆಗುತ್ತದೆ, ದನಕ್ಕೆ ಹೊಟ್ಟಾದರೂ ಸಿಗುತ್ತದೆ. ಕಳೆದುಹೋದ ಮಳೆಗೆ ಅವರಿಗೆ ನೋವಿಲ್ಲವೆಂದಲ್ಲ. ಸಾಲದ ಲೆಕ್ಕ ರಾತ್ರಿಯ ನಿದ್ದೆ ಕೆಡಿಸಿಯೇ ಇರುತ್ತದೆ. ಈಚಿನ ವರ್ಷಗಳಲ್ಲಂತೂ ಪಂಚಾಂಗದ ಲೆಕ್ಕ ನೆಚ್ಚಿ ಕೂರುವ ಹಾಗೂ ಇಲ್ಲ. ಆದರೂ ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣು ಅದುಮಿ ಹದ ನೋಡಿ, ಇವತ್ತಿನ ಹದಕ್ಕೆ ಯಾವ ಬೀಜವೋ ಅದನ್ನೇ ಮಡಿಲಿಗೆ ಕಟ್ಟಿಕೊಳ್ಳುತ್ತಾರೆ. ಇದಕ್ಕಿಂತ ದೊಡ್ಡ ಸ್ಥಿತಪ್ರಜ್ಞೆಯನ್ನು ನಾನು ಕಂಡಿಲ್ಲ.

ಮನೆಯೊಳಗೆ ನಮ್ಮಿಂದ ಇದು ಅಷ್ಟು ಸುಲಭಕ್ಕೆ ಆಗುವುದಿಲ್ಲ. ಮಗಳಿಗೆ ಮೆಡಿಕಲ್ ಸೀಟು ಕೈತಪ್ಪಿ ಎರಡು ವರ್ಷವಾಗಿರುತ್ತದೆ. ನೆಂಟರು ಬಂದಾಗ ನಮ್ಮ ನಿಟ್ಟುಸಿರು ಇನ್ನೂ ನಿಂತಿರುವುದಿಲ್ಲ. ಅತ್ತ ಅವಳು ಬಿ.ಎಸ್ಸಿ. ಲ್ಯಾಬಿನಲ್ಲಿ ಈರುಳ್ಳಿ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಜೀವಕೋಶವೊಂದು ಎರಡಾಗುವ ಹಂತಗಳನ್ನು ಕಣ್ಣಾರೆ ಕಂಡು ಬಂದಿರುತ್ತಾಳೆ. ರಾತ್ರಿ ಊಟಕ್ಕೆ ಕೂತಾಗ ಅದನ್ನು ಹೇಳಬೇಕೆಂದು ಅವಳಿಗೆ ಆಸೆ. ಹೇಗಿತ್ತಮ್ಮಾ ಎಂದು ಕೇಳುವವರು ಬೇಕಷ್ಟೆ.

ಅಮ್ಮನನ್ನು ಕಾಶಿಗೆ ಕರೆದೊಯ್ಯಬೇಕೆಂಬ ಮಾತೂ ಹಾಗೆಯೇ. ಮನೆ ಸಾಲ ತೀರಲಿ, ಮಗನ ಪರೀಕ್ಷೆ ಮುಗಿಯಲಿ ಎಂದು ಮುಂದೂಡುತ್ತ ಬಂದಿರುತ್ತೇವೆ. ಅಷ್ಟರಲ್ಲಿ ಅಮ್ಮನ ಮಂಡಿ ಸವೆದಿರುತ್ತದೆ. ಆಗ ಕೊರಗುತ್ತ ಕೂತರೆ ಅವರಿಗೆ ಕಾಶಿಯೂ ಇಲ್ಲ, ನಗುಮುಖದ ಮಕ್ಕಳೂ ಇಲ್ಲ. ಬಡಾವಣೆಯ ಈಶ್ವರನ ಗುಡಿ ಆಟೋದಲ್ಲಿ ಹತ್ತು ನಿಮಿಷದ ದಾರಿ. ಮೆಟ್ಟಿಲಿಲ್ಲದ ಬಾಗಿಲು ಯಾವ ಕಡೆಗಿದೆ, ಜನ ಕಡಿಮೆ ಇರುವ ಹೊತ್ತು ಯಾವುದು ಎಂದು ಮೊದಲೇ ಅರ್ಚಕರನ್ನು ವಿಚಾರಿಸಿಕೊಳ್ಳಬಹುದು. ಕೂರಲು ಒಂದು ಮಡಚುವ ಕುರ್ಚಿ ಜೊತೆಗಿಟ್ಟುಕೊಂಡರೆ, ಈ ಸೋಮವಾರವೇ ಹೊರಡಬಹುದು.