ಹೆಸರಷ್ಟೇ ಉಳಿದವಳು

ನಮ್ಮ ಮದ್ದೂರಿನ ಕಡೆಯ ಹೆಂಗಸರು ಮೈಸೂರಿಗೆ ಹೋದರೆ ಫಿಲೋಮಿನಾ ಚರ್ಚಿಗೂ ಹೋಗಿಬರುವುದುಂಟು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲಿಟ್ಟರು. ಆದರೆ ಆ ಸಂತಳು ಯಾರು? 1802ರಲ್ಲಿ ರೋಮಿನ ನೆಲದಡಿಯ ಸಮಾಧಿಯೊಂದರಲ್ಲಿ ಸಿಕ್ಕಿದ್ದು ಎಳೆಯ ಹುಡುಗಿಯ ಮೂಳೆಗಳು, ಹೆಂಚುಗಳ ಮೇಲೊಂದು ಹೆಸರು. ಜೀವನಕಥೆ ಆಮೇಲೆ ಸನ್ಯಾಸಿನಿಯೊಬ್ಬಳ ದರ್ಶನದಿಂದ ಬಂತು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪಂಚಾಂಗದಿಂದ ತೆಗೆಯಿತು. ಮೈಸೂರಿನಲ್ಲಿ ಮೇಣದಬತ್ತಿ ಆರಲಿಲ್ಲ.

ಹಾಗಾದರೆ ಈ ಭಕ್ತಿ ಸುಳ್ಳೇ? ಸಂತರ ಬದುಕನ್ನು ಓದುವುದು ಅವರಂತೆ ನಡೆಯಲಿಕ್ಕೆ. ಅದಕ್ಕೆ ಕಥೆ ನಿಜವಾಗಿರಬೇಕು. ಮಕ್ಕಳಿಗೆ ಹೇಳುವಾಗ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಹೇಳಬೇಕು. ಆದರೆ ಮೊರೆಯಿಡುವವಳ ಸಂಕಟಕ್ಕೆ ಪುರಾವೆ ಬೇಕಿಲ್ಲ. ನಮ್ಮ ಮಾರಮ್ಮನ ಹುಟ್ಟಿದ ಇಸವಿಯನ್ನು ಯಾರು ಕೇಳಿದ್ದೇವೆ? ಪಾಠಕ್ಕೆ ಚರಿತ್ರೆ ಬೇಕು, ಅಳುವುದಕ್ಕೆ ಒಂದು ಮಡಿಲು ಸಾಕು. ಎರಡನ್ನೂ ಬೆರೆಸದಿದ್ದರೆ ಯಾರಿಗೂ ಮೋಸವಿಲ್ಲವೆಂದು ನನಗನ್ನಿಸುತ್ತದೆ.